ಹಸಿರು ಮನೆಗೆ ಪ್ರಮಾಣವೇನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಒಂದು ಮನೆಯನ್ನು ಕಟ್ಟುವುದರಲ್ಲೇ ಸಂಸಾರಸ್ಥನ ಸಹನೆಯೂ ಸಂಚಯವೂ ಕರಗಿಹೋಗುತ್ತಿದ್ದ ಕಾಲದ ಮಾತದು. ಕಟ್ಟಿದ್ದ ಒಂದಿಡೀ ಬಡಾವಣೆಯನ್ನೇ ಕೆಡವಿ, ಅದೇ ನೆಲದ ಮೇಲೆ ಇನ್ನೊಂದನ್ನು ಎಬ್ಬಿಸಿ, ಅಲ್ಲಿದ್ದವರನ್ನು ಮತ್ತೆ ಅಲ್ಲಿಗೇ ಕರೆತಂದು ನೆಲೆಗೊಳಿಸುವ ಸಾಹಸವನ್ನು ಅವರು ಕಂಡಿರಲಿಲ್ಲ. ಕಂಡಿದ್ದರೆ ಗಾದೆಗೆ ಮೂರನೆಯ ಪಾದವೊಂದು ಸೇರುತ್ತಿತ್ತೇನೋ!

ಇಂದು ಈ ಸಾಹಸ ನಮ್ಮ ಮಹಾನಗರಗಳಲ್ಲಿ ದಿನನಿತ್ಯದ ಸುದ್ದಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಟ್ಟಿದ ಸರಕಾರಿ ವಸತಿಗಳು ಹಳತಾಗಿವೆ. ಅದಕ್ಕೂ ಹಿಂದಿನ ವಠಾರಗಳು ಮುಪ್ಪಾಗಿ ಬಾಗಿವೆ. ನಗರದ ನಡುಮಧ್ಯದ ನೆಲಕ್ಕೆ ಬಂಗಾರದ ಬೆಲೆ ಬಂದಿದೆ. ಎರಡಂತಸ್ತಿನ ಮನೆಗಳಿದ್ದಲ್ಲಿ ಹದಿನಾಲ್ಕು ಅಂತಸ್ತುಗಳನ್ನು ಏರಿಸಿದರೆ ಮನೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ, ಖರ್ಚೂ ಹುಟ್ಟುತ್ತದೆ ಎಂಬುದು ಲೆಕ್ಕಾಚಾರ. ಈ ಲೆಕ್ಕದ ಜತೆಗೆ ಈಚಿನ ವರ್ಷಗಳಲ್ಲಿ ಮತ್ತೊಂದು ಪತ್ರವೂ ಸೇರಿಕೊಂಡಿದೆ. ಅದೇ ಹಸಿರು ಕಟ್ಟಡದ ಪ್ರಮಾಣಪತ್ರ. ಯೋಜನೆಯ ಫಲಕದ ಮೇಲೆ ಎಲೆಯ ಚಿತ್ರ, ನಾಲ್ಕು ನಕ್ಷತ್ರ, ಒಂದು ಮುದ್ರೆ. ನೋಡಿದವರಿಗೆ ಸಮಾಧಾನ.

ಆದರೆ ಪ್ರಮಾಣ ಎಂಬುದು ಸುಲಭದ ಶಬ್ದವಲ್ಲ. ಅಳತೆಗೂ ಪ್ರಮಾಣವೆನ್ನುತ್ತೇವೆ, ಆಣೆಗೂ ಪ್ರಮಾಣವೆನ್ನುತ್ತೇವೆ, ಸಾಕ್ಷಿಗೂ ಪ್ರಮಾಣವೆನ್ನುತ್ತೇವೆ. ನಮ್ಮ ತರ್ಕಶಾಸ್ತ್ರಜ್ಞರು ಅದನ್ನು ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾಗಿ ವಿಂಗಡಿಸಿದರು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸುವುದು ಅನುಮಾನ. ನಂಬಬಹುದಾದವರು ಹೇಳಿದರೆಂದು ಒಪ್ಪುವುದು ಶಬ್ದ. ಹಸಿರು ಪ್ರಮಾಣಪತ್ರವನ್ನು ತೋರಿಸಿದಾಗ ಇದು ಈ ಮೂರರಲ್ಲಿ ಯಾವುದು ಎಂದು ಕೇಳುವ ಹಕ್ಕು, ಅಲ್ಲಿ ಬಾಳಬೇಕಾದ ಸಂಸಾರಗಳಿಗೆ ಖಂಡಿತವಾಗಿಯೂ ಇದೆ.

ನಕ್ಷತ್ರಗಳ ಹುಟ್ಟು

ಕಟ್ಟಡಕ್ಕೆ ಅಂಕ ಕೊಡುವ ಪದ್ಧತಿ ಮೊದಲು ರೂಢಿಗೆ ಬಂದದ್ದು ಬ್ರಿಟನ್ನಿನಲ್ಲಿ, ೧೯೯೦ರಲ್ಲಿ. ಅಲ್ಲಿಯ ಕಟ್ಟಡ ಸಂಶೋಧನ ಸಂಸ್ಥೆ ರೂಪಿಸಿದ ಆ ಕ್ರಮಕ್ಕೆ ‘ಬ್ರೀಮ್’ ಎಂದು ಹೆಸರು. ೧೯೯೩ರಲ್ಲಿ ಅಮೆರಿಕೆಯಲ್ಲಿ ಹಸಿರು ಕಟ್ಟಡಗಳ ಮಂಡಲಿಯೊಂದು ಸ್ಥಾಪನೆಯಾಗಿ, ಆ ದಶಕದ ಕೊನೆಯ ಹೊತ್ತಿಗೆ ‘ಲೀಡ್’ ಎಂಬ ತನ್ನ ಮಾನದಂಡವನ್ನು ಹೊರತಂದಿತು. ನಮ್ಮ ದೇಶದಲ್ಲಿ ೨೦೦೧ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಲಿ ಹುಟ್ಟಿತು. ಹೈದರಾಬಾದಿನಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟವು ಕಟ್ಟಿಸಿದ ಸೊಹ್ರಾಬ್ಜಿ ಗೋದ್ರೆಜ್ ಕೇಂದ್ರದ ಕಟ್ಟಡವು ಆಗಿನ ಲೀಡ್ ಪದ್ಧತಿಯ ೬೯ ಅಂಕಗಳಲ್ಲಿ ೫೬ನ್ನು ಗಳಿಸಿ, ಅಮೆರಿಕೆಯ ಹೊರಗೆ ಅತ್ಯುನ್ನತವಾದ ಪ್ಲಾಟಿನಂ ಶ್ರೇಣಿಯನ್ನು ಪಡೆದ ಮೊದಲ ಕಟ್ಟಡವೆನಿಸಿತು. ೨೦೦೪ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಂ ಅವರು.

ಆದರೆ ಬ್ರಿಟನ್ ಅಮೆರಿಕೆಗಳ ಮನೆಯ ಚಿಂತೆಯೇ ಬೇರೆ, ನಮ್ಮದೇ ಬೇರೆ. ಅಲ್ಲಿ ಬಿಸಿಯನ್ನು ಒಳಗೆ ಹಿಡಿದಿಡಬೇಕು; ಇಲ್ಲಿ ಹೊರಗೆ ತಡೆಯಬೇಕು. ಯಂತ್ರದಿಂದ ತಂಪುಮಾಡದ, ಕಿಟಕಿ ತೆರೆದು ಗಾಳಿಗೆ ಎದೆಯೊಡ್ಡುವ ಮನೆಗಳೇ ನಮ್ಮಲ್ಲಿ ಹೆಚ್ಚು. ಇದನ್ನರಿತು ದೆಹಲಿಯ ‘ಟೆರಿ’ ಸಂಸ್ಥೆಯು ದೇಶದ ಹವಾಗುಣಕ್ಕೊಪ್ಪುವ ಮಾನದಂಡವೊಂದನ್ನು ಸಿದ್ಧಪಡಿಸಿತು. ಕೇಂದ್ರ ಸರಕಾರವು ೨೦೦೭ರಲ್ಲಿ ಅದನ್ನು ರಾಷ್ಟ್ರೀಯ ಪದ್ಧತಿಯಾಗಿ ಸ್ವೀಕರಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಗೃಹ’ ಎಂದಾಗುತ್ತದೆ. ನಾಮಕರಣ ಮಾಡಿದವರ ಜಾಣ್ಮೆಗೆ ತಲೆದೂಗಬೇಕು!

ಮನೆಯ ರೆಫ್ರಿಜರೇಟರಿನ ಮೇಲೆ ಅಂಟಿಸಿದ ನಕ್ಷತ್ರಗಳನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಗೃಹ ಪದ್ಧತಿಯ ನಕ್ಷತ್ರಗಳೂ ಒಂದರಿಂದ ಐದರವರೆಗೆ. ಆದರೆ ಪೆಟ್ಟಿಗೆಯು ಕಾರ್ಖಾನೆಯಿಂದ ನಕ್ಷತ್ರದೊಡನೆಯೇ ಹೊರಬರುತ್ತದೆ. ಕಟ್ಟಡದ ನಕ್ಷತ್ರಕ್ಕೆ ಮೂರು ನಾಲ್ಕು ವರ್ಷಗಳ ಪಯಣ. ನಕ್ಷೆ ಬರೆಯುವಾಗಲೇ ಹೆಸರು ನೋಂದಾಯಿಸಬೇಕು. ಪ್ರತಿಯೊಂದು ಅಂಶಕ್ಕೂ ಲೆಕ್ಕ, ಚಿತ್ರ, ರಸೀತಿಗಳನ್ನೊಪ್ಪಿಸಬೇಕು. ಕೆಲಸ ನಡೆಯುವಾಗ ಪರಿಶೀಲಕರು ಸ್ಥಳಕ್ಕೆ ಬರುತ್ತಾರೆ. ಕೆಲವು ನಿಬಂಧನೆಗಳು ಕಡ್ಡಾಯ. ಅವುಗಳಲ್ಲಿ ತಪ್ಪಿದರೆ ಉಳಿದುದರಲ್ಲಿ ಎಷ್ಟು ಅಂಕ ಬಂದರೂ ಉಪಯೋಗವಿಲ್ಲ. ಉಳಿದವು ಐಚ್ಛಿಕ, ಒಂದೊಂದಕ್ಕೆ ಇಷ್ಟಿಷ್ಟು ಅಂಕ. ಅಂಕಗಳ ಮೊತ್ತವೇ ನಕ್ಷತ್ರ.

ಈ ನಿಬಂಧನೆಗಳನ್ನು ಓದುತ್ತಹೋದರೆ ಮನಸ್ಸಿಗೆ ಸಂತೋಷವಾಗುವ ಸಂಗತಿಗಳು ಹಲವಿವೆ. ಅಡಿಪಾಯ ತೋಡುವ ಮೊದಲು ನೆಲದ ಮೇಲ್ಪದರದ ಫಲವತ್ತಾದ ಮಣ್ಣನ್ನು ಬೇರೆಯಾಗಿ ಕೆತ್ತಿ ಕಾಪಾಡಿಟ್ಟು, ಕೆಲಸ ಮುಗಿದ ಮೇಲೆ ತೋಟಕ್ಕೆ ಹಾಕಬೇಕೆನ್ನುತ್ತದೆ ಒಂದು. ಕಟ್ಟುವ ಕೂಲಿಗಳಿಗೆ ಕುಡಿಯುವ ನೀರು, ಶೌಚಗೃಹ, ರಕ್ಷಣೆಯ ಸಾಧನಗಳಿರಬೇಕೆನ್ನುತ್ತದೆ ಇನ್ನೊಂದು. ಮನೆಯೊಂದು ಏಳುವಾಗ ತಲೆಯ ಮೇಲೆ ಗಾರೆ ಹೊತ್ತವರ ಸುಖದುಃಖವೂ ಆ ಮನೆಯ ಯೋಗ್ಯತೆಯ ಅಂಗವೆಂದು ಒಪ್ಪಿದ ಮಾನದಂಡವನ್ನು ತೀರ ಲಘುವಾಗಿ ಕಾಣುವಂತಿಲ್ಲ.

ಒಂದು ಮನೆಯಲ್ಲ, ಒಂದು ಊರು

ಒಂಟಿ ಕಟ್ಟಡಕ್ಕಿಂತ ಇಡೀ ಬಡಾವಣೆಯನ್ನು ಹಸಿರಾಗಿಸುವುದು ಕಷ್ಟ. ಆದರೆ ಫಲವೂ ಅಷ್ಟೇ ದೊಡ್ಡದು. ಹೇಗೆಂಬುದನ್ನು ಲೆಕ್ಕದಲ್ಲೇ ನೋಡೋಣ.

ದಕ್ಷಿಣ ದೆಹಲಿಯ ಪೂರ್ವ ಕಿದ್ವಾಯಿ ನಗರವನ್ನು ತೆಗೆದುಕೊಳ್ಳಿ. ಸ್ವಾತಂತ್ರ್ಯಹೋರಾಟಗಾರರೂ ಮಂತ್ರಿಗಳೂ ಆಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಈ ಸರಕಾರಿ ವಸತಿಯು ೮೬ ಎಕರೆಯಷ್ಟಿದೆ. ಅಲ್ಲಿದ್ದ ಹಳೆಯ ಮನೆಗಳು ೨,೪೦೦ಕ್ಕೆ ತುಸು ಹೆಚ್ಚು. ಅವನ್ನು ಕೆಡವಿ ೪,೬೦೦ರಷ್ಟು ಹೊಸ ಮನೆಗಳನ್ನು ಕಟ್ಟುವ ಕಾರ್ಯವನ್ನು ಕೇಂದ್ರ ಸರಕಾರದ ಕಟ್ಟಡ ನಿಗಮವು ೨೦೧೪ರ ಸುಮಾರಿಗೆ ಕೈಗೆತ್ತಿಕೊಂಡಿತು. ಬೊಕ್ಕಸದಿಂದ ಹಣ ಕೇಳದೆ, ಅದೇ ನೆಲದ ಒಂದು ಭಾಗದಲ್ಲಿ ಕಚೇರಿ ಮಳಿಗೆಗಳನ್ನು ಕಟ್ಟಿ, ಅವುಗಳಿಂದ ಬಂದ ಹಣದಲ್ಲೇ ಮನೆಗಳ ಖರ್ಚನ್ನು ತುಂಬಿಕೊಳ್ಳಬೇಕೆಂಬುದು ಏರ್ಪಾಡು.

ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ೮೬ ಎಕರೆಯೆಂದರೆ ಸುಮಾರು ಮೂರೂವರೆ ಲಕ್ಷ ಚದರ ಮೀಟರು. ದೆಹಲಿಯಲ್ಲಿ ವರ್ಷಕ್ಕೆ ಸುಮಾರು ೭೫೦ ಮಿಲಿಮೀಟರು ಮಳೆ. ಅಂದರೆ ಆ ಒಂದು ಬಡಾವಣೆಯ ಮೇಲೆ ವರ್ಷವೊಂದಕ್ಕೆ ಸುರಿಯುವ ನೀರು ೨೬ ಕೋಟಿ ಲೀಟರು! ಇದರಲ್ಲಿ ಎಲ್ಲವನ್ನೂ ಹಿಡಿಯಲಾಗದು. ಅರ್ಧವನ್ನು ನೆಲಕ್ಕಿಳಿಸಿದರೂ ಬತ್ತಿದ ಅಂತರ್ಜಲಕ್ಕೆ ಅದು ಅಮೃತ. ನೆಲವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಅದೇ ನೀರು ರಸ್ತೆಯ ಮೇಲೆ ಪ್ರವಾಹವಾಗಿ ಹರಿಯುತ್ತದೆ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮಳೆನೀರಿನ ಕೊಯ್ಲನ್ನು ಕಾನೂನು ಕಡ್ಡಾಯಗೊಳಿಸಿದ್ದು ೨೦೦೯ರಲ್ಲಿ. ಆ ಕಾನೂನಿಗಿಂತ ಬೋಧಪ್ರದವಾದ ಪಾಠವನ್ನು ಬೀದಿಯಲ್ಲಿ ನಿಂತ ಮೊಣಕಾಲುದ್ದದ ನೀರು ಕಲಿಸಿದೆ.

ಇನ್ನೊಂದು ಲೆಕ್ಕ. ನಗರದಲ್ಲಿ ತಲೆಯೊಂದಕ್ಕೆ ದಿನಕ್ಕೆ ೧೩೫ ಲೀಟರು ನೀರು ಬೇಕೆಂದೂ, ಅದರಲ್ಲಿ ೪೫ ಲೀಟರು ಶೌಚಗೃಹದ ತೊಟ್ಟಿಗೇ ಹೋಗುತ್ತದೆಂದೂ ನಮ್ಮ ಕಟ್ಟಡ ಸಂಹಿತೆಯ ಅಂದಾಜು. ಮನೆಗೆ ಐವರಂತೆ ೪,೬೦೦ ಮನೆಗಳಿಗೆ ೨೩,೦೦೦ ಜನ. ಅವರ ಶೌಚಗೃಹಗಳಿಗೆ ಮಾತ್ರವೇ ದಿನಕ್ಕೆ ಹತ್ತು ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೇಕು. ಕುಡಿಯಲು ಯೋಗ್ಯವಾದ ನೀರನ್ನು ಇದಕ್ಕೆ ಸುರಿಯುವುದು ಅನ್ಯಾಯವಲ್ಲವೆ? ಬಚ್ಚಲಿನ, ಅಡುಗೆಮನೆಯ ಕೊಳೆನೀರನ್ನು ಶುದ್ಧಿಮಾಡಿ ಮತ್ತೆ ಬಳಸಿದರೆ ಮೂರರಲ್ಲೊಂದು ಪಾಲು ಉಳಿತಾಯ. ಆದರೆ ಇದಕ್ಕೆ ಎರಡು ಪ್ರತ್ಯೇಕ ಕೊಳವೆಸಾಲುಗಳಿರಬೇಕು: ಒಂದು ಕುಡಿಯುವ ನೀರಿಗೆ, ಇನ್ನೊಂದು ಮರುಬಳಕೆಯ ನೀರಿಗೆ. ಗೋಡೆಯೆದ್ದು ಗಿಲಾವು ಮುಗಿದ ಮೇಲೆ ಇದನ್ನು ನೆನೆದರೆ ಗೋಡೆಯನ್ನೇ ಒಡೆಯಬೇಕು. ನಕ್ಷೆಯಲ್ಲೇ ಇದ್ದರೆ ಹೆಚ್ಚುವರಿ ಖರ್ಚು ಅಲ್ಪ. ಪ್ರಮಾಣಪತ್ರದ ಯತ್ನವನ್ನು ಮೊದಲ ದಿನವೇ ಆರಂಭಿಸಬೇಕು, ಕೊನೆಯಲ್ಲಿ ಹಚ್ಚುವ ಬಣ್ಣದಂತೆ ಅದನ್ನು ಬಳಿಯಲಾಗದು ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಬಿಸಿಲಿನ ವಿಷಯವೂ ಹಾಗೆಯೇ. ಕಟ್ಟಡದ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖಮಾಡಿದರೆ ಸಂಜೆಯ ಪಡುವಣ ಬಿಸಿಲಿನ ಕಾಟ ತಪ್ಪುತ್ತದೆ. ಕಿಟಕಿಯ ಮೇಲೆ ಸಾಕಷ್ಟು ಅಗಲದ ಸಜ್ಜವಿದ್ದರೆ ಬೇಸಗೆಯ ನೆತ್ತಿಯ ಸೂರ್ಯ ಒಳಗೆ ಇಣುಕಲಾರ. ತಾರಸಿಗೆ ಬಿಳಿಯ ಬಣ್ಣ ಬಳಿದರೆ ಮೇಲಂತಸ್ತಿನವರು ನಿದ್ದೆಗೆಡುವುದಿಲ್ಲ. ನಮ್ಮ ತೊಟ್ಟಿಯ ಮನೆಗಳನ್ನು ಕಟ್ಟಿದ ಮೇಸ್ತ್ರಿಗಳಿಗೆ ಇವೆಲ್ಲ ಕರತಲಾಮಲಕವಾಗಿದ್ದುವು. ಅಂಕ ಕೊಡುವವರು ಮಾತ್ರ ಇರಲಿಲ್ಲ.

ಕೆಡವಿದ್ದರ ಲೆಕ್ಕ

ಇಷ್ಟರವರೆಗೆ ಎಲ್ಲವೂ ಸರಿ. ಆದರೆ ಪುನರ್ನಿರ್ಮಾಣಕ್ಕೂ ಖಾಲಿ ನೆಲದಲ್ಲಿ ಕಟ್ಟುವುದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಇಲ್ಲಿ ಹೊಸದು ಏಳುವ ಮೊದಲು ಹಳೆಯದು ಬೀಳುತ್ತದೆ. ಬಿದ್ದುದರ ಲೆಕ್ಕವನ್ನು ಯಾರು ಇಡಬೇಕು?

ಹಳೆಯ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಒಂದು ಕಾಲದಲ್ಲಿ ಬೆಂಕಿಯಲ್ಲಿ ಸುಡಲಾಗಿತ್ತು. ಒಂದೊಂದು ಮೂಟೆ ಸಿಮೆಂಟಿಗೂ ಕಲ್ಲಿದ್ದಲು ಉರಿದಿತ್ತು. ಸುಣ್ಣದ ಕಲ್ಲನ್ನು ಸುಮಾರು ೧,೪೫೦ ಡಿಗ್ರಿಗಳ ಕುಲುಮೆಯಲ್ಲಿ ಬೇಯಿಸಿದರೆ ಸಿಮೆಂಟಿನ ಮೂಲದ್ರವ್ಯ ದೊರೆಯುತ್ತದೆ. ಆಗ ಉರುವಲಿನ ಹೊಗೆಯಲ್ಲದೆ, ಕಲ್ಲಿನೊಳಗೇ ಅಡಗಿದ್ದ ಇಂಗಾಲಾಮ್ಲವೂ ಹೊರಬೀಳುತ್ತದೆ. ಜಗತ್ತಿನಲ್ಲಿ ಮನುಷ್ಯ ಹೊರಬಿಡುವ ಇಂಗಾಲಾಮ್ಲದಲ್ಲಿ ಶೇಕಡ ೭ರಿಂದ ೮ರಷ್ಟು ಸಿಮೆಂಟೊಂದರಿಂದಲೇ ಬರುತ್ತದೆಂದು ಅಂದಾಜು. ಗಟ್ಟಿಯಾಗಿರುವ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿದರೆ, ಹೊಸದು ವರ್ಷವರ್ಷವೂ ವಿದ್ಯುತ್ತನ್ನು ಉಳಿಸಿದರೂ ಕಟ್ಟುವಾಗ ಮಾಡಿದ ಸಾಲ ತೀರಲು ಬಹುಕಾಲ ಬೇಕು. ಸಿಮೆಂಟಿನಲ್ಲಿ ಹಾರುಬೂದಿಯನ್ನು ಬೆರೆಸುವುದು, ಕೆಡವಿದ ಅವಶೇಷವನ್ನು ಪುಡಿಮಾಡಿ ಮತ್ತೆ ಇಟ್ಟಿಗೆಯಾಗಿಸುವುದು ಇವೆಲ್ಲ ಆ ಸಾಲವನ್ನು ತಗ್ಗಿಸುವ ದಾರಿಗಳು. ಕಟ್ಟಡದ ಅವಶೇಷಗಳ ವಿಲೇವಾರಿಗೆ ಕೇಂದ್ರ ಸರಕಾರ ೨೦೧೬ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಮಾಡಿತು. ಕಿದ್ವಾಯಿ ನಗರದಲ್ಲಿ ಕೆಡವಿದ ಮನೆಗಳ ಅವಶೇಷವನ್ನು ಹೊರಗೆ ಸುರಿಯದೆ ಸ್ಥಳದಲ್ಲೇ ಸಂಸ್ಕರಿಸಿ ಬಳಸುವ ಏರ್ಪಾಡು ಮಾಡಿದ್ದು ಮೆಚ್ಚತಕ್ಕ ಕಾರ್ಯ.

ಆದರೆ ಪುಡಿಮಾಡಿ ಮತ್ತೆ ಎರಕಹೊಯ್ಯಲಾಗದ ವಸ್ತುವೊಂದಿದೆ. ಅದು ಮರ.

ದೆಹಲಿಯ ಈ ಸರಕಾರಿ ವಸತಿಗಳನ್ನು ಕಂಡವರಿಗೆ ಅವುಗಳ ಸೊಬಗು ಗೊತ್ತು. ಎರಡಂತಸ್ತಿನ ಸರಳವಾದ ಮನೆಗಳ ಸಾಲು. ನಡುವೆ ಹುಲ್ಲಿನ ಚೌಕ. ಸುತ್ತ ಬೇವು, ನೇರಳೆ, ಅರಳಿ. ಮೇ ತಿಂಗಳ ಉರಿಯಲ್ಲಿ ರಾಜಧಾನಿ ಕುದಿಯುತ್ತಿರುವಾಗ ಆ ನೆರಳಿನಲ್ಲಿ ಮಂಚ ಹಾಕಿಕೊಂಡು ಮುದುಕರು ಕೂರುತ್ತಿದ್ದರು, ಮಕ್ಕಳು ನೇರಳೆಹಣ್ಣನ್ನಾಯುತ್ತಿದ್ದರು. ದಕ್ಷಿಣದಿಂದ ಹೊಟ್ಟೆಪಾಡಿಗಾಗಿ ಹೋದ ಎಷ್ಟೋ ಗುಮಾಸ್ತರ ಸಂಸಾರಗಳಿಗೆ, ಅವರಲ್ಲಿ ಕನ್ನಡಿಗರಿಗೂ, ದೆಹಲಿಯೆಂದರೆ ಕೆಂಪುಕೋಟೆಯಲ್ಲ, ಈ ನೆರಳು.

೨೦೧೬ರಲ್ಲಿ ಕೇಂದ್ರ ಸಂಪುಟವು ಇಂತಹ ಏಳು ವಸತಿಗಳ ಪುನರ್ನಿರ್ಮಾಣಕ್ಕೆ ಒಪ್ಪಿಗೆಯಿತ್ತಿತು. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ, ಕಸ್ತೂರಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ, ಮಹಮ್ಮದಪುರ ಇವೇ ಆ ಏಳು. ೧೨,೯೭೦ ಹಳೆಯ ಮನೆಗಳ ಸ್ಥಾನದಲ್ಲಿ ೨೫,೬೬೭ ಹೊಸ ಮನೆಗಳು. ಅಂದಾಜು ವೆಚ್ಚ ೩೨,೮೩೫ ಕೋಟಿ ರೂಪಾಯಿ. ಹಸಿರು ಕಟ್ಟಡದ ನಿಯಮಗಳಿಗನುಸಾರವಾಗಿಯೇ ಎಲ್ಲವೂ ಆಗತಕ್ಕದ್ದೆಂಬುದು ಸಂಕಲ್ಪ. ಆದರೆ ಇದಕ್ಕಾಗಿ ಉರುಳಬೇಕಾಗಿದ್ದ ಮರಗಳ ಸಂಖ್ಯೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಎಂಬ ಸುದ್ದಿ ೨೦೧೮ರ ಜೂನ್ ತಿಂಗಳಲ್ಲಿ ಹೊರಬಿದ್ದಾಗ ರಾಜಧಾನಿಯ ಜನ ಬೆಚ್ಚಿಬಿದ್ದರು. ಸರೋಜಿನಿ ನಗರದಲ್ಲಿ ಹೆಂಗಸರು, ಮಕ್ಕಳು, ನಿವೃತ್ತ ನೌಕರರು ಸೇರಿ ಮರಗಳನ್ನು ತಬ್ಬಿ ನಿಂತರು. ೧೯೭೩ರಲ್ಲಿ ಹಿಮಾಲಯದ ಹಳ್ಳಿಗಳಲ್ಲಿ ಹುಟ್ಟಿದ, ೧೯೮೩ರಲ್ಲಿ ನಮ್ಮ ಶಿರಸಿಯ ಸಲ್ಕಣಿಯ ಕಾಡಿನಲ್ಲಿ ‘ಅಪ್ಪಿಕೊ’ ಎಂಬ ಹೆಸರಿನಿಂದ ಮರುಹುಟ್ಟು ಪಡೆದ ಆ ಅಪ್ಪುಗೆ, ಹೀಗೆ ರಾಜಧಾನಿಯ ಗುಮಾಸ್ತರ ಬೀದಿಗೂ ಬಂದಿತು. ದೆಹಲಿಯ ಉಚ್ಚ ನ್ಯಾಯಾಲಯವು ಮರ ಕಡಿಯುವುದನ್ನು ತಡೆಹಿಡಿಯಿತು. ನಕ್ಷೆಗಳನ್ನು ಮತ್ತೆ ಪರಿಶೀಲಿಸುವುದಾಗಿ ಸರಕಾರವೂ ಹೇಳಿತು.

ಕಡಿದ ಮರಕ್ಕೆ ಬದಲಾಗಿ ಹತ್ತು ಸಸಿಗಳನ್ನು ನೆಡುತ್ತೇವಲ್ಲ ಎಂಬುದು ಅಧಿಕಾರಿಗಳ ಉತ್ತರವಾಗಿತ್ತು. ಕಾಗದದ ಮೇಲೆ ಇದು ಲಾಭದ ವ್ಯಾಪಾರವೇ. ಆದರೆ ಅರುವತ್ತು ವರ್ಷದ ಬೇವಿನ ನೆರಳನ್ನು ಹತ್ತು ಸಸಿಗಳು ನಾಳೆಯೇ ಕೊಡಲಾರವು. ಆ ಸಸಿಗಳನ್ನು ನೆಡುವುದೂ ಅನೇಕವೇಳೆ ಅಲ್ಲಲ್ಲ, ನಗರದ ಇನ್ನೊಂದು ಮೂಲೆಯಲ್ಲಿ. ಬುಡಸಹಿತ ಕಿತ್ತು ಬೇರೆಡೆ ನೆಡುವ ಉಪಾಯವನ್ನೂ ಹೂಡಲಾಯಿತು. ೨೦೨೦ರಲ್ಲಿ ದೆಹಲಿ ಸರಕಾರ ಹೊರಡಿಸಿದ ನೀತಿಯು, ಯೋಜನೆಯ ಸ್ಥಳದಲ್ಲಿ ಬಾಧಿತವಾಗುವ ಮರಗಳಲ್ಲಿ ನೂರಕ್ಕೆ ಎಂಬತ್ತನ್ನು ಹೀಗೆ ಸ್ಥಳಾಂತರಿಸಬೇಕೆಂದೂ, ಅವುಗಳಲ್ಲಿ ನೂರಕ್ಕೆ ಎಂಬತ್ತಾದರೂ ಬದುಕಿರಬೇಕೆಂದೂ ವಿಧಿಸಿತು. ಎರಡು ವರ್ಷಗಳ ಬಳಿಕ, ೨೦೨೨ರಲ್ಲಿ, ಅದೇ ಸರಕಾರ ನ್ಯಾಯಾಲಯಕ್ಕೆ ಒಪ್ಪಿಸಿದ ಲೆಕ್ಕದ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಸ್ಥಳಾಂತರಿಸಿದ ಮರಗಳಲ್ಲಿ ಬದುಕುಳಿದದ್ದು ಮೂರರಲ್ಲೊಂದು ಪಾಲು ಮಾತ್ರ. ಮನುಷ್ಯರನ್ನು ಬೇರು ಕಿತ್ತು ನೆಟ್ಟರೆ ಬಾಡುತ್ತಾರೆಂದು ನಾವು ರೂಪಕವಾಗಿ ಹೇಳುತ್ತೇವೆ. ಮರದ ಪಾಲಿಗೆ ಅದು ರೂಪಕವಲ್ಲ.

ಅಂಕದ ಪದ್ಧತಿಯ ದೌರ್ಬಲ್ಯ ಇಲ್ಲಿ ಎದ್ದು ಕಾಣುತ್ತದೆ. ನೀರಿಗೆ ಇಷ್ಟು, ವಿದ್ಯುತ್ತಿಗೆ ಇಷ್ಟು, ಮರಕ್ಕೆ ಇಷ್ಟು ಎಂದು ಹಂಚಿದಾಗ, ಒಂದೆಡೆ ಕಳೆದುಕೊಂಡದ್ದನ್ನು ಮತ್ತೊಂದೆಡೆ ಗಳಿಸಿಕೊಳ್ಳುವ ಅವಕಾಶ ಹುಟ್ಟುತ್ತದೆ. ಗಣಿತದಲ್ಲಿ ತೊಂಬತ್ತು ಬಂದರೆ ಕನ್ನಡದಲ್ಲಿ ಮೂವತ್ತೈದು ಸಾಕೆನ್ನುವ ವಿದ್ಯಾರ್ಥಿಗಳನ್ನು ನಾವು ಅಧ್ಯಾಪಕರು ಪ್ರತಿವರ್ಷವೂ ಕಾಣುತ್ತೇವೆ. ಮೊತ್ತ ನೋಡಿದರೆ ಪ್ರಥಮ ದರ್ಜೆಯೇ ಸರಿ; ಆದರೆ ಅವನಿಗೆ ಕನ್ನಡ ಬಂದಂತಾಯಿತೆ?

ಕೆಡವದಿದ್ದರೂ ಪ್ರಾಣಸಂಕಟ

ಹಾಗೆಂದು ಹಳೆಯದೆಲ್ಲವೂ ಉಳಿಯಲಿ ಎಂದು ಹಟ ಹಿಡಿಯುವುದೂ ಸಲ್ಲದು. ಮುಂಬಯಿಯ ಭೇಂಡಿ ಬಜಾರಿನ ಕತೆ ಇದಕ್ಕೆ ಸಾಕ್ಷಿ. ಹದಿನಾರೂವರೆ ಎಕರೆಯ ಇಕ್ಕಟ್ಟಾದ ನೆಲದಲ್ಲಿ ಸುಮಾರು ೨೫೦ ಹಳೆಯ ಕಟ್ಟಡಗಳು, ೩,೨೦೦ ಸಂಸಾರಗಳು, ೧,೨೫೦ ಅಂಗಡಿಗಳು. ಎಷ್ಟೋ ಮನೆಗಳಿಗೆ ಬಿಸಿಲಿಲ್ಲ, ಗಾಳಿಯಿಲ್ಲ; ಮಹಡಿಗೊಂದು ಸಾಮೂಹಿಕ ಶೌಚಗೃಹ. ದಾವೂದಿ ಬೋಹ್ರಾ ಸಮಾಜದ ಧರ್ಮನಿಧಿಯೊಂದು ೨೦೦೯ರಲ್ಲಿ ಇದನ್ನು ಸಮೂಹವಾಗಿ ಪುನರ್ನಿರ್ಮಿಸುವ ಹೊಣೆ ಹೊತ್ತಿತು. ನಿವಾಸಿಗಳನ್ನು ತಾತ್ಕಾಲಿಕ ವಸತಿಗಳಿಗೆ ಸಾಗಿಸುವುದು, ಒಬ್ಬೊಬ್ಬರ ಒಪ್ಪಿಗೆ ಪಡೆಯುವುದು, ಪರವಾನಗಿಗಳಿಗೆ ಅಲೆಯುವುದು ಇವುಗಳಲ್ಲಿ ವರ್ಷಗಳು ಕಳೆದುವು. ೨೦೧೭ರ ಆಗಸ್ಟ್ ೩೧ರ ಬೆಳಗ್ಗೆ, ಆ ಯೋಜನೆಗೆ ಸೇರಿದ್ದು ಇನ್ನೂ ಪೂರ್ತಿ ತೆರವಾಗದಿದ್ದ ಹುಸೈನಿ ಎಂಬ ಶತಮಾನ ದಾಟಿದ ಕಟ್ಟಡ ಕುಸಿದು ೩೩ ಮಂದಿ ಸತ್ತರು. ಅಲ್ಲಿ ಪುನರ್ನಿರ್ಮಾಣವೆಂಬುದು ಶೋಕಿಯ ಮಾತಾಗಿರಲಿಲ್ಲ, ಬದುಕುವ ಮಾತಾಗಿತ್ತು. ಮುಂದಿನ ವರ್ಷಗಳಲ್ಲಿ ಯೋಜನೆಯ ಮೊದಲ ಗೋಪುರಗಳೆದ್ದು, ಇರುಕಿನಲ್ಲಿದ್ದವರು ಬೆಳಕಿನ ಮನೆಗಳಿಗೆ ಬಂದರು.

ಆದುದರಿಂದ ಕೆಡವಬೇಕೆ ಬೇಡವೆ ಎಂಬುದು ಮೊದಲ ಪ್ರಶ್ನೆಯಾದರೆ, ಹೊಸ ಮನೆಗೆ ಯಾರು ಬರುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಕೆನಡದ ಟೊರಾಂಟೊ ನಗರದಲ್ಲಿ ರೀಜೆಂಟ್ ಪಾರ್ಕ್ ಎಂಬ ಬಡವರ ವಸತಿಯೊಂದುಂಟು. ೧೯೪೦ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿದ ಆ ೬೯ ಎಕರೆಗಳ ವಸತಿಯನ್ನು ೨೦೦೫ರಿಂದ ಹಂತಹಂತವಾಗಿ ಕೆಡವಿ ಕಟ್ಟಲಾಗುತ್ತ ಬಂದಿದೆ. ಹಸಿರು ಮಾನದಂಡವನ್ನೇ ಗುರಿಯಾಗಿಟ್ಟುಕೊಂಡು, ಮನೆಗೊಂದು ಯಂತ್ರದ ಬದಲು ಇಡೀ ಬಡಾವಣೆಗೆ ಬಿಸಿಯನ್ನೂ ತಂಪನ್ನೂ ಒಂದೇ ಕೇಂದ್ರದಿಂದ ಒದಗಿಸುವ ಏರ್ಪಾಡನ್ನು ಅಲ್ಲಿ ಮಾಡಿದರು. ಆದರೆ ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ತೆರವಾದ ಬಾಡಿಗೆದಾರರಿಗೆ ಹಿಂದಿರುಗುವ ಹಕ್ಕನ್ನು ಬರವಣಿಗೆಯಲ್ಲಿ ಕೊಟ್ಟದ್ದು. ಹಿಂದಿರುಗಲು ವರ್ಷಗಳೇ ಹಿಡಿದುದರಿಂದ, ಅಷ್ಟರಲ್ಲಿ ಬೇರೆಡೆ ಬೇರೂರಿ ಹಿಂದಿರುಗದವರೂ ಉಂಟು. ಹಕ್ಕನ್ನು ಕೊಟ್ಟರೆ ಸಾಲದು, ಅದು ಬೇಗ ಕೈಗೂಡಬೇಕು ಎಂಬುದು ಅಲ್ಲಿಯ ಪಾಠ.

ಪತ್ರ ಬಂದ ಮೇಲೆ

ಇನ್ನು ಮೂರನೆಯ ಮಾತು. ಫಲಕದ ಮೇಲೆ ಕಾಣುವ ಮುದ್ರೆ ಯಾವ ಹಂತದ್ದು? ನಕ್ಷೆಯನ್ನು ನೋಡಿ ಕೊಡುವ ಪೂರ್ವಪ್ರಮಾಣಪತ್ರ ಬೇರೆ, ಕಟ್ಟಿದ ಮೇಲೆ ಪರಿಶೀಲಿಸಿ ಕೊಡುವ ಪತ್ರ ಬೇರೆ. ಮೊದಲನೆಯದು ಅನುಮಾನ ಪ್ರಮಾಣ: ನಕ್ಷೆ ಹೀಗಿದೆ, ಆದುದರಿಂದ ವಿದ್ಯುತ್ತು ಇಷ್ಟು ಉಳಿದೀತು ಎಂಬ ಊಹೆ. ಎರಡನೆಯದರಲ್ಲಿ ಪ್ರತ್ಯಕ್ಷದ ಅಂಶ ಹೆಚ್ಚು. ಕಟ್ಟುವವನ ಜಾಹೀರಾತು ಮಾತ್ರ ಶಬ್ದ ಪ್ರಮಾಣ. ಅವನು ನಂಬಬಹುದಾದವನೇ ಎಂಬುದನ್ನು ಕೊಳ್ಳುವವನೇ ನಿರ್ಧರಿಸಬೇಕು. ನೋಯ್ಡಾದಂತಹ ಕೆಲವು ಕಡೆ ಹಸಿರು ಶ್ರೇಣಿ ಪಡೆದವರಿಗೆ ಹೆಚ್ಚುವರಿಯಾಗಿ ಕಟ್ಟಲು ಅವಕಾಶ ಕೊಡುವ ನಿಯಮವೂ ಇರುವುದರಿಂದ, ಪತ್ರಕ್ಕಾಗಿ ಓಡುವವರೆಲ್ಲರೂ ಪರಿಸರದ ಮೇಲಿನ ಮಮತೆಯಿಂದಲೇ ಓಡುತ್ತಾರೆಂದು ಭಾವಿಸಬೇಕಾಗಿಲ್ಲ. ಲಾಭಕ್ಕಾಗಿ ಓಡಿದರೂ ದಾರಿಯಲ್ಲಿ ಒಂದಿಷ್ಟು ಸತ್ಕಾರ್ಯವಾದರೆ ಅದು ಬೇಡವೆನ್ನಲೂ ಬೇಕಾಗಿಲ್ಲ.

ಗೃಹದ ಶ್ರೇಣಿಯು ಐದು ವರ್ಷಗಳಿಗೆ ಮಾತ್ರ ಊರ್ಜಿತ. ಆಮೇಲೆ ಮತ್ತೆ ಪರೀಕ್ಷೆ. ಈ ಐದು ವರ್ಷಗಳಲ್ಲಿ ಪ್ರಮಾಣವನ್ನು ಉಳಿಸುವವರೂ ಕೆಡಿಸುವವರೂ ಇಂಜಿನಿಯರುಗಳಲ್ಲ, ಒಳಗೆ ವಾಸಿಸುವ ನಾವು ನೀವು. ಕೊಳೆನೀರಿನ ಶುದ್ಧೀಕರಣ ಯಂತ್ರಕ್ಕೆ ವಿದ್ಯುತ್ತು ದುಬಾರಿಯಾಯಿತೆಂದು ಸಂಘದ ಸಭೆಯಲ್ಲಿ ಗೊಣಗಿ ಅದನ್ನು ನಿಲ್ಲಿಸಿದರೆ, ಎರಡು ಕೊಳವೆಸಾಲುಗಳೂ ವ್ಯರ್ಥ. ಹಸಿಕಸ ಒಣಕಸಗಳನ್ನು ಅಡುಗೆಮನೆಯಲ್ಲೇ ಬೇರ್ಪಡಿಸದಿದ್ದರೆ ಗೊಬ್ಬರದ ಗುಂಡಿ ನಾರುವ ಗುಂಡಿಯಾಗುತ್ತದೆ. ಗಾಳಿಗೆಂದು ಬಿಟ್ಟ ಬಾಲ್ಕನಿಗೆ ಗಾಜು ಹಾಕಿಸಿ, ಒಳಗೆ ತಂಪುಯಂತ್ರ ಕೂರಿಸಿದರೆ, ನಕ್ಷತ್ರಗಳು ಒಂದೊಂದಾಗಿ ಕಳಚಿ ಬೀಳುತ್ತವೆ.

ಈ ವಿಚಾರ ದೆಹಲಿ ಮುಂಬಯಿಗಳಿಗೇ ಮೀಸಲಾದುದೇನೂ ಅಲ್ಲ. ನಮ್ಮ ಊರುಗಳ ಹಳೆಯ ಕ್ವಾರ್ಟರ್ಸುಗಳಿಗೂ, ನಾಲ್ವತ್ತು ವರ್ಷದ ಅಪಾರ್ಟ್‌ಮೆಂಟುಗಳಿಗೂ ಸರದಿ ಬಂದೇ ಬರುತ್ತದೆ. ಆ ದಿನ ಗುತ್ತಿಗೆದಾರರ ಕಡೆಯವರು ಬಣ್ಣದ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಎಲೆಯ ಮುದ್ರೆಯನ್ನು ತೋರಿಸಿದಾಗ, ಮನೆಯ ಹಿರಿಯರು ಸಂಕೋಚಪಡದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಈಗಿರುವ ಕಟ್ಟಡವನ್ನು ದುರಸ್ತಿಮಾಡಿ ಉಳಿಸಲು ಸಾಧ್ಯವೇ ಇಲ್ಲವೆಂದು ಪರೀಕ್ಷಿಸಿದವರು ಯಾರು? ಪತ್ರವು ನಕ್ಷೆಗೆ ಬಂದದ್ದೋ, ಕಟ್ಟಡಕ್ಕೆ ಬರತಕ್ಕದ್ದೋ? ಆವರಣದ ಮರಗಳಲ್ಲಿ ಎಷ್ಟು ನಿಂತಲ್ಲೇ ನಿಲ್ಲುತ್ತವೆ? ಮರಗಳನ್ನು ಮೊದಲು ಗುರುತಿಸಿ ಆಮೇಲೆ ಗೋಪುರಗಳ ಜಾಗ ಗೊತ್ತುಮಾಡಿದಿರೋ, ಅಥವಾ ಗೋಪುರಗಳನ್ನು ಬರೆದು ಆಮೇಲೆ ಮರಗಳನ್ನು ಎಣಿಸಿದಿರೋ? ಕೆಡವಿದ ಇಟ್ಟಿಗೆ ಎಲ್ಲಿಗೆ ಹೋಗುತ್ತದೆ? ನಾವು ಹಿಂದಿರುಗುವ ದಿನಾಂಕ ಯಾವುದು, ಅದು ಕರಾರಿನಲ್ಲಿದೆಯೆ? ಬಾಡಿಗೆಗಿರುವ ಸಂಸಾರದ ಗತಿಯೇನು? ಯಂತ್ರಗಳನ್ನು ನಡೆಸುವ ಖರ್ಚು ತಿಂಗಳಿಗೆ ಮನೆಯೊಂದಕ್ಕೆ ಎಷ್ಟು ಬಿದ್ದೀತು?

ಈ ಪ್ರಶ್ನೆಗಳಿಗೆ ಉತ್ತರವಿರುವ ಯೋಜನೆಗೆ ಪ್ರಮಾಣಪತ್ರ ಒಂದು ಅಲಂಕಾರ, ಬಂದರೆ ಸಂತೋಷ. ಉತ್ತರವಿಲ್ಲದ ಯೋಜನೆಗೆ ಐದು ನಕ್ಷತ್ರ ಬಂದರೂ, ಮೇ ತಿಂಗಳ ಮಧ್ಯಾಹ್ನ ಅಂಗಳಕ್ಕೆ ಬಂದ ಮುದುಕರಿಗೆ ಕೂರಲು ನೆರಳಿರುವುದಿಲ್ಲ.